ಕೃಷ್ಣಾ ಕಡವಿನ ತೊಗಲ ಹರಿಗೋಲು: ಲಿಂಗಸುಗೂರು ಸೀಮೆಯ ಚರ್ಮಗಾರಿಕೆಯ ಒಂದು ಮಗ್ಗುಲು

ಲಿಂಗಸುಗೂರು ಸೀಮೆಯ ಚರಿತ್ರೆಯನ್ನು ಬಹುಮಟ್ಟಿಗೆ ಕೋಟೆ, ಶಾಸನ ಮತ್ತು ಚಿನ್ನದ ಚರಿತ್ರೆಯಾಗಿಯೇ ಬರೆಯಲಾಗಿದೆ. ಮುದಗಲ್ಲು ಮತ್ತು ಜಲದುರ್ಗದ ಕೋಟೆಗಳು, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ, ಹಟ್ಟಿಯ ಗಣಿ ಇವು ವಿದ್ವಾಂಸರ ಗಮನವನ್ನು ಸಹಜವಾಗಿಯೇ ಸೆಳೆದಿವೆ. ಈ ಸೀಮೆಯ ಉತ್ತರಕ್ಕೆ ಹರಿಯುವ ಕೃಷ್ಣೆಯಾದರೋ ಇಂಥ ಬರಹಗಳಲ್ಲಿ ರಾಜ್ಯಗಳ ನಡುವಣ ಗಡಿರೇಖೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಸುಲ್ತಾನನು ಹೊಳೆ ದಾಟಿದ, ರಾಯನ ಸೇನೆ ಹೊಳೆ ದಾಟಿತು ಎಂದು ಚರಿತ್ರಕಾರರು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಯಾವುದರಲ್ಲಿ ದಾಟಿದರು, ಅದನ್ನು ಮಾಡಿಕೊಟ್ಟವರು ಯಾರು ಎಂಬ ಪ್ರಶ್ನೆ ಆ ವಾಕ್ಯದೊಳಗೇ ಮುಳುಗಿಹೋಗಿದೆ.

ನದಿ, ದನ ಮತ್ತು ಮನುಷ್ಯರ ಸಂಬಂಧ ಎಲ್ಲೆಡೆಯೂ ಒಂದೇ ಬಗೆಯದಲ್ಲ. ದಕ್ಷಿಣ ಅಮೆರಿಕದ ಉರುಗ್ವೆ ನದಿಯ ದಂಡೆಯಲ್ಲಿ 1859ರಲ್ಲಿ ಹುಟ್ಟಿದ ಫ್ರಾಯ್ ಬೆಂಟೋಸ್ ಎಂಬ ಬಂದರು ಪಟ್ಟಣವು ಮಾಂಸ ಸಂಸ್ಕರಣೆಯಿಂದಲೇ ಜಗತ್ತಿಗೆ ಪರಿಚಿತವಾಯಿತು. 1865ರಲ್ಲಿ ಸ್ಥಾಪನೆಯಾದ ಲೀಬಿಗ್ ಕಂಪನಿಯು ಅಲ್ಲಿ ಮಾಂಸದ ಸಾರವನ್ನೂ ಡಬ್ಬಿ ಮಾಂಸವನ್ನೂ ತಯಾರಿಸಿ ಹಡಗುಗಳಲ್ಲಿ ಯುರೋಪಿಗೆ ಕಳಿಸಿತು. 1924ರಲ್ಲಿ ಆಂಗ್ಲೋ ಕಂಪನಿಯ ಕೈಗೆ ಬಂದ ಆ ಕಾರ್ಖಾನೆ 1979ರಲ್ಲಿ ಮುಚ್ಚಿತು. 2015ರಲ್ಲಿ ಅದು ವಿಶ್ವ ಪರಂಪರೆಯ ತಾಣವೂ ಆಯಿತು. ಅಲ್ಲಿ ನದಿಗೆ ಆಳವಿತ್ತು, ಸಮುದ್ರದ ಹಡಗು ಕಾರ್ಖಾನೆಯ ಕಟ್ಟೆಗೇ ಬಂದು ನಿಲ್ಲುತ್ತಿತ್ತು. ಕೃಷ್ಣೆಯ ಸ್ವಭಾವ ಬೇರೆ. ಜಲದುರ್ಗದ ಆಸುಪಾಸಿನಲ್ಲಿ ಅದು ಬಂಡೆಗಳನ್ನು ಸೀಳಿಕೊಂಡು ಕವಲೊಡೆದು ಧುಮುಕುತ್ತ ಸಾಗುವುದರಿಂದ ಸರಕಿನ ದೋಣಿ ಉದ್ದಕ್ಕೆ ಸಾಗುವುದು ಸಾಧ್ಯವಿಲ್ಲ. ಇಲ್ಲಿ ಹೊಳೆಯನ್ನು ಅಡ್ಡಲಾಗಿ ಮಾತ್ರ ದಾಟಬಹುದು. ಆದ್ದರಿಂದ ಇಲ್ಲಿ ಬಂದರು ಬೆಳೆಯಲಿಲ್ಲ, ಕಡವು ಬೆಳೆಯಿತು. ದನದ ಮೈ ಹಡಗಿನೊಳಗಿನ ಸರಕಾಗುವ ಬದಲು ದೋಣಿಯೇ ಆಯಿತು.

ಹರಿಗೋಲಿನ ರಚನೆಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಕಡವಿನಲ್ಲಿ ಕಂಡು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರಬಲ್ಲದು. ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಸಾಗುತ್ತದೆ ಎಂಬುದು ಅವನ ವಿವರದ ಸಾರ. ಕುದುರೆ, ಎತ್ತುಗಳನ್ನೂ ಅಗತ್ಯ ಬಿದ್ದರೆ ಅದರಲ್ಲಿ ಸಾಗಿಸುತ್ತಿದ್ದರೆಂದು ಅವನು ಹೇಳುತ್ತಾನೆ. ಫಿರೋಜ್ ಷಾ ಬಹಮನಿಯು 1398ರ ಸುಮಾರಿನಲ್ಲಿ ತುಂಬಿದ ಕೃಷ್ಣೆಯನ್ನು ದಾಟಿ ವಿಜಯನಗರದ ಸೇನೆಯ ಮೇಲೆರಗಿದ ಪ್ರಸಂಗವನ್ನು ಫೆರಿಷ್ತಾ ಬರೆದಿದ್ದಾನೆ. ಆ ಪ್ರಸಂಗವನ್ನು ವಿವರಿಸುತ್ತ ರಾಬರ್ಟ್ ಸಿವೆಲ್ ಈ ಪ್ರದೇಶದ ಬುಟ್ಟಿದೋಣಿಗಳ ಬಗೆಗೆ ಟಿಪ್ಪಣಿ ಕೊಟ್ಟಿರುವುದು ಗಮನಾರ್ಹ. 1800ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಸೇನೆ ಹರಿಹರದ ಬಳಿ ತುಂಗಭದ್ರೆಯನ್ನು ದಾಟಲು ನೆಚ್ಚಿದ್ದೂ ಇಂಥ ದೋಣಿಗಳನ್ನೇ. 1812ರಲ್ಲಿ ಬ್ರಿಟಿಷ್ ಪಡೆಯೊಂದು ಭಾರಿ ಫಿರಂಗಿಗಳನ್ನು ಗಾಡಿಯಿಂದ ಇಳಿಸದೆಯೇ ಹರಿಗೋಲುಗಳಲ್ಲಿ ತುಂಗಭದ್ರೆ ದಾಟಿಸಿತೆಂದು ಫೆರಿಷ್ತಾನ ಅನುವಾದಕ ಬ್ರಿಗ್ಸ್ 1829ರಲ್ಲಿ ದಾಖಲಿಸಿದ್ದಾನೆ. ಫಿರಂಗಿಯ ಭಾರವನ್ನು ತಾಳಿದ್ದು ಬಿದಿರಿನ ಹೆಣಿಗೆ ಮತ್ತು ತೊಗಲಿನ ಹೊಲಿಗೆ. ಆ ಹೊಲಿಗೆ ಹಾಕಿದವರ ಮಾತು ದಂಡಿನ ಕಡತಗಳಿಗೆ ಬೇಕಿರಲಿಲ್ಲ.

ಒಂದು ಹರಿಗೋಲು ನೀರಿಗಿಳಿಯಬೇಕಾದರೆ ಮೂರು ಸಮುದಾಯಗಳ ಕೈ ಕೂಡಬೇಕಾಗಿತ್ತು. ಬಿದಿರನ್ನು ಸೀಳಿ ಹೆಣೆಯುವವರು ಮೇದಾರರು, ತೊಗಲನ್ನು ಹದಮಾಡಿ ಹೊಲಿಯುವವರು ಮಾದಿಗ, ಸಮಗಾರ, ಡೋಹರ ಸಮುದಾಯಗಳವರು, ಹುಟ್ಟು ಹಾಕುವವರು ಅಂಬಿಗರು. ಇವುಗಳಲ್ಲಿ ತೊಗಲಿನ ಕೆಲಸವೇ ಹೆಚ್ಚು ಸೂಕ್ಷ್ಮವಾದುದು. ದೊಡ್ಡ ಹರಿಗೋಲಿಗೆ ಒಂದು ಚರ್ಮ ಸಾಲದು. ಹಲವನ್ನು ನೀರು ನುಸುಳದಂತೆ ಜೋಡಿಸಬೇಕು. ತೊಗಲು ನೀರು ಹೀರಿ ಭಾರವಾಗುತ್ತದೆ, ನೆನೆದೇ ಇದ್ದರೆ ಕೊಳೆಯುತ್ತದೆ. ಆದಕಾರಣ ಕೆಲಸ ಮುಗಿದ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸಬೇಕಾಗುತ್ತಿತ್ತು. ಹದಗಾರಿಕೆಗೆ ಸುಣ್ಣದ ಜೊತೆಗೆ ಒಣಸೀಮೆಯ ತಂಗಡಿ ಗಿಡದ ತೊಗಟೆಯೂ ಜಾಲಿಯ ತೊಗಟೆಯೂ ಒದಗುತ್ತಿದ್ದವು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಬಾನಿಯನ್ನು ಹೊಲಿದ ಕೈಯ ಕೌಶಲವೇ ಹರಿಗೋಲಿಗೂ ಸಂದಿದೆ ಎನ್ನಬಹುದು. ಒಂದು ನೀರನ್ನು ಒಳಗೆ ಹಿಡಿದಿಡಬೇಕು, ಇನ್ನೊಂದು ಹೊರಗೆ ತಡೆಯಬೇಕು, ಅಷ್ಟೇ ವ್ಯತ್ಯಾಸ.

ಈ ಚರ್ಮ ಬರುತ್ತಿದ್ದ ದಾರಿಯನ್ನು ಮರೆಯುವಂತಿಲ್ಲ. ಆಯಗಾರಿಕೆಯ ವ್ಯವಸ್ಥೆಯಲ್ಲಿ ಊರಿನ ಸತ್ತ ದನವನ್ನು ಎಳೆದೊಯ್ಯುವುದು ಮಾದಿಗರ ಕರ್ತವ್ಯವೆನಿಸಿತ್ತು. ಅದರ ಚರ್ಮ ಅವರಿಗೆ ಸಲ್ಲುತ್ತಿತ್ತು. ಪ್ರತಿಯಾಗಿ ಒಕ್ಕಲಿಗೆ ಮಿಣಿ, ಬಾರುಕೋಲು, ಕೆರ, ಬಾನಿಗಳನ್ನು ಒದಗಿಸಬೇಕಾಗಿತ್ತು. ಸತ್ತ ದನದ ಮಾಂಸವೂ ಬಡತನದ ದಿನಗಳಲ್ಲಿ ಅವರ ಪಾಲಿಗೆ ಬಂದಿತ್ತು, ಆ ಮಾಂಸವನ್ನೇ ನೆಪಮಾಡಿ ಊರು ಅವರನ್ನು ಹೊರಗಿಟ್ಟಿತು. ಚರ್ಮ ಮುಟ್ಟಿದವನ ನೆರಳನ್ನೂ ಒಲ್ಲದವರು ಹೊಳೆ ತುಂಬಿದಾಗ ಅದೇ ಚರ್ಮದ ಮೇಲೆ ಕಾಲಿಟ್ಟು ಆಚೆ ದಡ ಸೇರುತ್ತಿದ್ದರು. ಮಡಿಯ ನಿಯಮ ಕಡವಿನಲ್ಲಿ ಹೀಗೆ ಸಡಿಲಗೊಂಡುದರಿಂದ ಹೊಲಿದವನ ಸ್ಥಾನವೇನೂ ಬದಲಾಗಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ಬಗೆಗೆ ಗಾದೆಯುಂಟು. ಆ ಗಾದೆಯೊಳಗೂ ಚರ್ಮಗಾರನಿಗೆ ಎಡೆಯಿಲ್ಲ.

ಹನ್ನೆರಡನೆಯ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯನೂ ಡೋಹರ ಕಕ್ಕಯ್ಯನೂ ಸಮಗಾರ ಹರಳಯ್ಯನೂ ಒಟ್ಟಿಗೆ ಕಾಣಿಸಿಕೊಳ್ಳುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಐತಿಹ್ಯವನ್ನು ಭಕ್ತಿಯ ಪರಾಕಾಷ್ಠೆಯೆಂದು ವ್ಯಾಖ್ಯಾನಿಸುವುದು ರೂಢಿ. ಚರ್ಮದ ಕಸುಬಿನವನೊಬ್ಬ ದನದ ತೊಗಲನ್ನು ಬಿಟ್ಟು ತನ್ನ ತೊಗಲನ್ನೇ ಮುಂದಿಡುವಲ್ಲಿ, ಮುಟ್ಟಬಾರದ್ದು ಯಾವುದು ಎಂಬ ಪ್ರಶ್ನೆಯೂ ಇದೆ. ಜನಪದರು ಈ ಕಥೆಯನ್ನು ಇಷ್ಟು ಕಾಲ ಉಳಿಸಿಕೊಂಡದ್ದಕ್ಕೆ ಅದೂ ಒಂದು ಕಾರಣವಿರಬಹುದು.

ತೊಗಲ ಹರಿಗೋಲು ಹಿಂದೆ ಸರಿದುದಕ್ಕೆ ಒಂದೇ ಕಾರಣವಿಲ್ಲ. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಮದ್ರಾಸು ಸೀಮೆಯ ಹದಗಾರಿಕೆ ಆಗ ವಿದೇಶೀ ರಫ್ತಿನಿಂದ ಬೆಳೆಯುತ್ತಿತ್ತು. ಊರಿನೊಳಗೆ ಮಿಣಿ, ಬಾನಿ, ಹರಿಗೋಲು ಆಗುತ್ತಿದ್ದ ಚರ್ಮಕ್ಕೆ ದೂರದ ಬೆಲೆಯೊಂದು ಹುಟ್ಟಿತು. 1905ರ ವರೆಗೆ ನಿಜಾಮ ಸಂಸ್ಥಾನದ ಜಿಲ್ಲಾ ಕೇಂದ್ರವಾಗಿದ್ದ, ಹೈದರಾಬಾದ್ ಕಂಟಿಂಜೆಂಟಿನ ಛಾವಣಿಯೂ ಇದ್ದ ಲಿಂಗಸುಗೂರು ಜಿಲ್ಲೆಯ ಪಟ್ಟವನ್ನು ಕಳೆದುಕೊಂಡು ರಾಯಚೂರಿಗೆ ಸೇರಿತು. ಮುಂದೆ ಸೇತುವೆಗಳು ಬಂದವು. ಸುರಪುರದ ಕಡೆಯಿಂದ ಬರುವ ದಾರಿಗೆ ತಿಂಥಣಿಯ ಸೇತುವೆಯಾದ ಮೇಲೆ ಆ ಹಾದಿಯವರಿಗೆ ಹರಿಗೋಲಿನ ಹಂಗು ತಪ್ಪಿತು.

ಇನ್ನೊಂದು ಕಾರಣವನ್ನು ಜಾನಪದ ಅಧ್ಯಯನಗಳು ಸಾಕಷ್ಟು ಗಮನಿಸಿಲ್ಲ. 1927ರಲ್ಲಿ ಮಹಾಡದಲ್ಲಿ ಡಾ. ಬಿ.ಆರ್. ಅಂಬೇಡ್ಕರರು ಸತ್ತ ದನದ ಮಾಂಸವನ್ನು ತ್ಯಜಿಸುವಂತೆ ಕರೆಯಿತ್ತರು. ಸತ್ತ ದನ ಎಳೆಯುವ ಬಿಟ್ಟಿ ಚಾಕರಿಯನ್ನು ನಿರಾಕರಿಸುವುದು ದಲಿತರ ಘನತೆಯ ಹೋರಾಟದ ಭಾಗವಾಯಿತು. ಕಸುಬೊಂದು ನಶಿಸಿತೆಂದು ಹಳಹಳಿಸುವ ವಿದ್ವಾಂಸರು, ಅದನ್ನು ಬಿಟ್ಟವರು ಬೇಕೆಂದೇ ಬಿಟ್ಟಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಕೌಶಲವನ್ನು ದಾಖಲಿಸುವುದು ಅಗತ್ಯ. ಆ ಕೌಶಲವನ್ನು ಹುಟ್ಟಿನ ಹೊರೆಯಾಗಿಸಿದ್ದ ವ್ಯವಸ್ಥೆಯನ್ನು ಬಿಟ್ಟು ದಾಖಲಿಸಿದರೆ ಆ ಬರಹ ಅರ್ಧ ಸುಳ್ಳಾಗುತ್ತದೆ.

ಕಡವುಗಳು ಪೂರ್ತಿಯಾಗಿ ಮುಗಿದಿಲ್ಲ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗಲೆಲ್ಲ ಶೀಲಹಳ್ಳಿಯ ಸೇತುವೆ ಮುಳುಗಿ, ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಯ ಜನರಿಗೆ ಹೊರಗಿನ ಸಂಪರ್ಕ ಕಡಿಯುತ್ತದೆ. 2019ರ ಪ್ರವಾಹದಲ್ಲಿ ಆದದ್ದೂ ಇದೇ. ಹರಿಗೋಲು ಈಗಲೂ ಹೊಳೆಯಲ್ಲಿ ತಿರುಗುತ್ತದೆ. ಆದರೆ ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಕೂತಿವೆ. ಚರ್ಮದಂತೆ ಒಣಗಿಸುವ ಗೋಜು ಅವಕ್ಕಿಲ್ಲ. ಬಿದಿರಿನ ಹೆಣಿಗೆ ಮಾತ್ರ ಇನ್ನೂ ಹಳೆಯದು. ನಾಡಿನ ಬೇರೆ ಹೊಳೆಗಳಲ್ಲಿ ಫೈಬರಿನ ಹರಿಗೋಲುಗಳೂ ಬಂದಿವೆ, ಅವುಗಳಲ್ಲಿ ಮೇದಾರನ ಪಾಲೂ ಇಲ್ಲ.