ಉತ್ತರ ಬರೆದದ್ದಕ್ಕೆ ದಂಡ

ಓದುಗರ ಪ್ರಶ್ನೆಗೆ ಉತ್ತರ ಬರೆದದ್ದಕ್ಕೆ ಕೋರ್ಟು ದಂಡ ಹಾಕಿದ್ರೆ ಹೇಗಿರುತ್ತೆ? ಮುಂಬಯಿಯ ರಘುನಾಥ ಧೋಂಡೋ ಕರ್ವೆಯವರಿಗೆ ಹಾಗೇ ಆಯ್ತು. ಇವರು ಮಹರ್ಷಿ ಕರ್ವೆಯವರ ಹಿರಿಮಗ, ಗಣಿತದ ಮೇಷ್ಟ್ರು. 1921ರಲ್ಲೇ ಸಂತಾನ ನಿಯಂತ್ರಣದ ಸಲಹಾಕೇಂದ್ರ ತೆರೆದರು. ಆ ಕೆಲಸ ಬಿಡಲೊಪ್ಪದೆ ಕಾಲೇಜಿನ ನೌಕರಿಯನ್ನೇ ಬಿಟ್ಟರು! 1927ರಲ್ಲಿ 'ಸಮಾಜ ಸ್ವಾಸ್ಥ್ಯ' ಅನ್ನೋ ಮರಾಠಿ ಮಾಸಪತ್ರಿಕೆ ಶುರುಮಾಡಿ ಗರ್ಭನಿರೋಧ, ಲೈಂಗಿಕ ರೋಗ ಎಲ್ಲದರ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದರು. ದಾಂಪತ್ಯದಲ್ಲಿ ಹೆಣ್ಣಿಗೂ ಸುಖದ ಹಕ್ಕಿದೆ ಅಂದರು.

1934ರಲ್ಲಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೀತು. ಹಸ್ತಮೈಥುನ, ಸಲಿಂಗಕಾಮದ ಬಗ್ಗೆ ಓದುಗರಿಗೆ ಕೊಟ್ಟ ಉತ್ತರಗಳೇ ಅಪರಾಧ. (ಹಸ್ತಮೈಥುನದಿಂದ ಕಾಯಿಲೆ ಬರಲ್ಲ ಅಂತ ಇವತ್ತಿಗೂ ಎಷ್ಟೋ ಹುಡುಗರಿಗೆ ಯಾರೂ ಹೇಳಿರಲ್ಲ ಬಿಡಿ.) ಕರ್ವೆ ಪರ ವಾದಿಸಿದ ವಕೀಲರು ಯಾರು ಗೊತ್ತಾ? ಡಾ. ಬಿ.ಆರ್. ಅಂಬೇಡ್ಕರ್! ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗಲ್ಲ ಅನ್ನೋದು ಅವರ ವಾದ. ಆದರೂ ಕೇಸು ಸೋತಿತು, 200 ರೂಪಾಯಿ ದಂಡ ಬಿತ್ತು.

ತಮಾಷೆ ಅಂದ್ರೆ, ಅದಕ್ಕೂ ಮೊದಲೇ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಸರ್ಕಾರವೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಅಲ್ಲಿ ಒಬ್ಬ ಮೇಷ್ಟ್ರ ಕೆಲಸ ಕಳೆದದ್ದು, ಇಲ್ಲಿ ಸರ್ಕಾರಿ ಸೇವೆ!

ಕರ್ವೆ ಮಾತ್ರ ಪತ್ರಿಕೆ ನಿಲ್ಲಿಸಲಿಲ್ಲ. 1953ರಲ್ಲಿ ತೀರಿಕೊಳ್ಳೋ ತನಕ ನಡೆಸಿದರು.