ಹೂಡಿಯಾ: ಕಲಹಾರಿಯ ಹಸಿವು ತಣಿಸುವ ಗಿಡ

ಹೂಡಿಯಾ ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳ ಮರಳುನೆಲದಲ್ಲಿ ತಾನಾಗಿ ಬೆಳೆಯುವ, ತಿನ್ನಲು ಬರುವ ಗಿಡ. ಎಲೆಯಿಲ್ಲದ ದಪ್ಪ ಕಾಂಡವೂ ಸಾಲುಸಾಲು ಮುಳ್ಳೂ ಇರುವುದರಿಂದ ನೋಡಿದವರು ಪಾಪಾಸುಕಳ್ಳಿಯೆಂದೇ ತಿಳಿಯುತ್ತಾರೆ. ನಿಜಕ್ಕೂ ಇದು ನಮ್ಮ ಎಕ್ಕದ ಕುಟುಂಬದ್ದು. ತಟ್ಟೆಯಂತೆ ಅರಳುವ ಹೂವು ಕೊಳೆತ ಮಾಂಸದ ಹಾಗೆ ನಾರುತ್ತದೆ. ಆ ನಾತಕ್ಕೆ ಮುತ್ತುವ ನೊಣಗಳಿಂದಲೇ ಪರಾಗಸ್ಪರ್ಶವಾಗುತ್ತದೆ. ಇದರ ಪ್ರಭೇದಗಳಲ್ಲಿ ಹೆಚ್ಚು ಹೆಸರಾದದ್ದು ಹೂಡಿಯಾ ಗಾರ್ಡೊನಿ. 18ನೇ ಶತಮಾನದ ಕೊನೆಯಲ್ಲಿ ಆರೆಂಜ್ ನದಿಯ ಸೀಮೆಯಲ್ಲಿ ಓಡಾಡಿದ್ದ ಡಚ್ ಸೇನಾಧಿಕಾರಿ ರಾಬರ್ಟ್ ಜೇಕಬ್ ಗಾರ್ಡನ್ ಹೆಸರು ಅದಕ್ಕೆ ಅಂಟಿಕೊಂಡಿದೆ.

ಗಾರ್ಡನ್ ಬರುವ ಎಷ್ಟೋ ಕಾಲ ಮೊದಲೇ ಅಲ್ಲಿನ ಆದಿವಾಸಿಗಳಾದ ಸಾನ್ ಬೇಟೆಗಾರರಿಗೆ ಈ ಗಿಡ ಗೊತ್ತಿತ್ತು. ಅವರ ಬಾಯಲ್ಲಿ ಇದು ‘ಖೋಬಾ’. ಕಾಂಡವನ್ನು ಕತ್ತರಿಸಿ, ಮುಳ್ಳು ಕೆರೆದು, ಒಳಗಿನ ಕಹಿ ತಿರುಳನ್ನು ಹಸಿಯಾಗಿಯೇ ಜಗಿಯುತ್ತಿದ್ದರು. ಬೇಟೆಯ ಬೆನ್ನುಹತ್ತಿ ದಿನಗಟ್ಟಲೆ ನಡೆಯುವವರಿಗೆ ಹಸಿವನ್ನೂ ಬಾಯಾರಿಕೆಯನ್ನೂ ತಡೆದುಕೊಳ್ಳಲು ಇದೇ ಆಸರೆಯಾಗಿತ್ತು.

1963ರಲ್ಲಿ ದಕ್ಷಿಣ ಆಫ್ರಿಕಾದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಅಲ್ಲಿನ ಸಿಎಸ್‌ಐಆರ್, ಕಾಡಿನ ತಿನಿಸುಗಳ ಅಧ್ಯಯನಕ್ಕೆ ಹೂಡಿಯಾವನ್ನೂ ಸೇರಿಸಿಕೊಂಡಿತು. ಹಸಿವು ತಗ್ಗಿಸುವ ಅಂಶವನ್ನು ಬೇರ್ಪಡಿಸಿ ಪೇಟೆಂಟ್‌ಗೆ ಅರ್ಜಿ ಹಾಕುವ ಹೊತ್ತಿಗೆ 1995 ಆಗಿತ್ತು. ‘ಪಿ57’ ಎಂಬ ಹೆಸರಿನಲ್ಲಿ ಅದರ ಪರವಾನಗಿ 1997ರಲ್ಲಿ ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೂ ಮರುವರ್ಷ ಅಲ್ಲಿಂದ ಅಮೆರಿಕದ ಫೈಜರ್‌ಗೂ ಹೋಯಿತು. ಇಷ್ಟೆಲ್ಲ ನಡೆಯುವಾಗ ಸಾನ್ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಸ್ಥಳೀಯರ ಜ್ಞಾನಕ್ಕೆ ಪಾಲು ಕೊಡಬೇಕೆಂದ ಜೀವವೈವಿಧ್ಯ ಒಪ್ಪಂದಕ್ಕೆ 1992ರಲ್ಲೇ ಜಗತ್ತಿನ ರಾಷ್ಟ್ರಗಳು ಸಹಿ ಹಾಕಿದ್ದವು. ಆಮೇಲೂ ಹೀಗಾದದ್ದು ದೊಡ್ಡ ಅನ್ಯಾಯ.

2001ರಲ್ಲಿ ಬ್ರಿಟನ್ನಿನ ‘ದಿ ಅಬ್ಸರ್ವರ್’ ಪತ್ರಿಕೆ ಈ ಸಂಗತಿಯನ್ನು ಬಯಲಿಗೆಳೆಯಿತು. ಸಾನ್ ಸಂಘಟನೆಗಳು ವಕೀಲರ ನೆರವಿನಿಂದ ಸಿಎಸ್‌ಐಆರ್ ಜೊತೆ ಮಾತುಕತೆಗೆ ಕುಳಿತವು. 2003ರ ಮಾರ್ಚ್‌ನಲ್ಲಿ ಕಲಹಾರಿ ಮರುಭೂಮಿಯಲ್ಲೇ ಒಪ್ಪಂದವಾಯಿತು: ಸಿಎಸ್‌ಐಆರ್‌ಗೆ ಬರುವ ರಾಯಧನದಲ್ಲಿ ಶೇ. 6, ಸಂಶೋಧನೆಯ ಒಂದೊಂದು ಹಂತ ಮುಗಿದಾಗ ಸಿಗುವ ಹಣದಲ್ಲಿ ಶೇ. 8 ಸಾನ್ ಜನರಿಗೆ. ಪಾಲು ಚಿಕ್ಕದು ನಿಜ. ಆದರೂ ಆದಿವಾಸಿಗಳ ಅರಿವಿಗೆ ಒಡೆತನವಿದೆ ಎಂದು ಒಂದು ಸರ್ಕಾರಿ ಸಂಸ್ಥೆ ಬರಹದಲ್ಲಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಹಣ ಮಾತ್ರ ಅಂದುಕೊಂಡಂತೆ ಬರಲಿಲ್ಲ. ಫೈಜರ್ 2003ರಲ್ಲೇ ಹೊರನಡೆಯಿತು. 2004ರ ಕೊನೆಗೆ ಕೈಜೋಡಿಸಿದ ಯೂನಿಲಿವರ್ ಸುರಕ್ಷತೆ, ಪರಿಣಾಮ ಎರಡರಲ್ಲೂ ನಂಬಿಕೆ ಸಾಲದೆ 2008ರಲ್ಲಿ ಕೈಬಿಟ್ಟಿತು. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 15 ದಿನ ಹೂಡಿಯಾ ಸಾರ ಸೇವಿಸಿದ ಮಹಿಳೆಯರ ಊಟ ಕಡಿಮೆಯಾಗಲಿಲ್ಲ, ತೂಕವೂ ಇಳಿಯಲಿಲ್ಲ. ವಾಕರಿಕೆ ಕಾಣಿಸಿತು, ರಕ್ತದೊತ್ತಡ ಏರಿತು. ಮರುಭೂಮಿಯಲ್ಲಿ ನಡೆಯುತ್ತ ಜಗಿಯುವ ಹಸಿ ತಿರುಳೂ ಕಾರ್ಖಾನೆಯಲ್ಲಿ ಸಾಂದ್ರಗೊಳಿಸಿದ ಸಾರವೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಇದರ ನಡುವೆ, 2004ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮದಲ್ಲಿ ಹೂಡಿಯಾ ಕಾಣಿಸಿಕೊಂಡದ್ದೇ ತಡ, ತೂಕ ಇಳಿಸುವುದೆಂಬ ಹೂಡಿಯಾ ಮಾತ್ರೆಗಳ ಮಾರಾಟ ಭುಗಿಲೆದ್ದಿತು. ಹಲವು ಡಬ್ಬಿಗಳಲ್ಲಿ ಹೂಡಿಯಾದ ಸುಳಿವೇ ಇರಲಿಲ್ಲ. ಕಾಡುಗಿಡಗಳ ಲೂಟಿಗೆ ಹೆದರಿ ಅದೇ ವರ್ಷ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಈ ಕುಲವನ್ನು ಸೇರಿಸಲಾಯಿತು. ಇದರಿಂದ ವಿದೇಶಕ್ಕೆ ಸಾಗಿಸಲು ಪರವಾನಗಿ ಬೇಕಾಯಿತು.

ಹೂಡಿಯಾದ ನಂಟಿನ ಕ್ಯಾರಲುಮ ಎಂಬ ಗಿಡ ಭಾರತದ ಒಣಸೀಮೆಗಳಲ್ಲಿದೆ. ಬರದ ದಿನಗಳಲ್ಲಿ ಜನ ಅದನ್ನು ತಿಂದು ಹಸಿವು ನೀಗಿಸಿಕೊಂಡದ್ದುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು 60 ದಿನ ಅದರ ಸಾರವನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಸೊಂಟದ ಸುತ್ತಳತೆ, ಹಸಿವು ತಗ್ಗಿದ್ದವು; ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ.

ಸಾನ್ ಜನರಿಗೆ ಹೂಡಿಯಾದಿಂದ ಬಂದ ಹಣಕ್ಕಿಂತ ಚೌಕಾಸಿಯ ಅನುಭವವೇ ದೊಡ್ಡದು. 2017ರಲ್ಲಿ ತಮ್ಮಲ್ಲಿಗೆ ಬರುವ ಸಂಶೋಧಕರು ಪಾಲಿಸಬೇಕಾದ ನೀತಿಸಂಹಿತೆಯನ್ನು ಅವರು ಹೊರತಂದರು. 2019ರಲ್ಲಿ ದಕ್ಷಿಣ ಆಫ್ರಿಕಾದ ಖೋಯ್ ಸಮುದಾಯದ ಜೊತೆಗೂಡಿ ರೂಯ್ಬೋಸ್ ಚಹಾ ಉದ್ಯಮದೊಂದಿಗೆ ಒಪ್ಪಂದ ಮಾಡಿಕೊಂಡು, ತೋಟದಲ್ಲೇ ಸಿಗುವ ಬೆಲೆಯ ಮೇಲೆ ಶೇ. 1.5ರಷ್ಟು ಪಾಲು ಪಡೆದರು.