ಕಾಣ್ ಎಂಬ ಬೇರು

ಮಳೆಗಾಲದಲ್ಲಿ ಜೋಗಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. 253 ಮೀಟರ್ ಆಳಕ್ಕೆ ಧುಮುಕುವ ಶರಾವತಿಯ ಮೊರೆತ ಕಿವಿಗೆ ಬಡಿಯುತ್ತಿರುತ್ತದೆ. ಎದುರಿಗೆ ಮಾತ್ರ ಬರೀ ಬಿಳಿ ಮಂಜು. ಜಲಪಾತದ ಕವಲುಗಳಾದ ರಾಜನೂ ಇಲ್ಲ, ರಾಣಿಯೂ ಇಲ್ಲ. ಜನ ಕಂಬಿ ಹಿಡಿದು ನೋಡುತ್ತಲೇ ಇರುತ್ತಾರೆ. ‘ಎಷ್ಟು ನೋಡಿದ್ರೂ ಏನೂ ಕಾಣ್ತಿಲ್ಲ’ ಎಂಬ ಮಾತು ಅಲ್ಲಿ ತಾನಾಗಿ ಬಾಯಿಗೆ ಬರುತ್ತದೆ. ನೋಡುವುದು ನಮ್ಮ ಕೈಲಿದೆ, ಕಾಣುವುದು ಇಲ್ಲ. ಮಂಜು ಸರಿದು ‘ಜಲಪಾತ ನನಗೆ ಕಾಣಿಸಿತು’ ಎಂದಾಗ ಆ ವಾಕ್ಯದ ಕರ್ತೃ ನಾನಲ್ಲ, ಜಲಪಾತ.

ಇಂಗ್ಲಿಷ್ ಕಲಿಯುವ ಮಕ್ಕಳು ಲುಕ್, ಸೀ, ವಾಚ್, ಗ್ಲಾನ್ಸ್, ಸ್ಟೇರ್ ಎಂದು ನೋಟದ ಪದಗಳ ಪಟ್ಟಿಯನ್ನೇ ಬಾಯಿಪಾಠ ಮಾಡುತ್ತಾರೆ. ನಮ್ಮಲ್ಲೂ ಇಣುಕುವುದಿದೆ, ಹಣಕುವುದಿದೆ, ದಿಟ್ಟಿಸುವುದಿದೆ, ದುರುಗುಟ್ಟುವುದಿದೆ. ಅವೆಲ್ಲ ಕಣ್ಣಿನ ಚಲನೆಗೆ ಇಟ್ಟ ಹೆಸರುಗಳು. ಅವುಗಳಿಗಿಂತ ಆಳಕ್ಕೆ ಇಳಿದದ್ದು ‘ಕಾಣ್’. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಯವರ ದಿನದ ಮಾತಿನಲ್ಲಿ ಅದು ಹೊಕ್ಕಿರುವ ಮೂಲೆಗಳನ್ನು ಹುಡುಕುತ್ತ ಹೋದಷ್ಟೂ ನನ್ನ ಬೆರಗು ಹೆಚ್ಚುತ್ತದೆ.

ಇದು ‘ಕಣ್’ ಎಂಬುದರ ಒಡಹುಟ್ಟು. ತಮಿಳು, ಮಲಯಾಳಗಳಲ್ಲೂ ಕಾಣ್ ಇದೆ, ತೆಲುಗಿನಲ್ಲಿ ‘ಕನು’ ಇದೆ. ತುಳುವಿನವರು ಮಾತ್ರ ‘ತೂ’ ಎಂಬ ಬೇರೆ ದಾರಿ ಹಿಡಿದರು. ಘಟ್ಟದ ಮೇಲೆ ‘ನೋಡು’ ಮತ್ತು ‘ಕಾಣು’ ಕೆಲಸ ಹಂಚಿಕೊಂಡಿವೆ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಸೀಮೆಗೆ ಹೋದರೆ ನೋಡುವುದೂ ಕಾಣುವುದೇ ಆಗುತ್ತದೆ. ನಾವು ‘ನೋಡಿ ಮಾರಾಯ್ರೆ’ ಎನ್ನುವಲ್ಲಿ ಅವರು ‘ಕಾಣಿ ಮಾರಾಯ್ರೆ’ ಎನ್ನುತ್ತಾರೆ. ಒಂದೇ ಘಟ್ಟದ ತಲೆಗೂ ಬುಡಕ್ಕೂ ಇಷ್ಟು ಅಂತರ.

ದೊಡ್ಡವರನ್ನು ‘ಕಾಣಲು’ ಬರಿಗೈಯಲ್ಲಿ ಹೋಗಬಾರದೆಂಬುದು ಹಳೆಯ ನಡೆ. ಹಾಗೆ ಕೊಂಡೊಯ್ದದ್ದು ಕಾಣಿಕೆ. ಅರಸರ ಕಾಲಕ್ಕೆ ಅದು ಇಷ್ಟಪಟ್ಟು ಕೊಡುವುದಾಗಿ ಉಳಿಯಲಿಲ್ಲ. ವಿಜಯನಗರ ಕಾಲದ ಶಾಸನಗಳ ತೆರಿಗೆಗಳ ಸಾಲಿನಲ್ಲಿ ಕಾಣಿಕೆಯೂ ಸೇರಿದೆ. ಈಗ ಅರಸರಿಲ್ಲ. ಸಿಗಂದೂರಿನ ಚೌಡೇಶ್ವರಿಯ ಮುಂದೆ, ಹೊಂಬುಜದ ಪದ್ಮಾವತಿಯ ಮುಂದೆ ಕೈಮುಗಿದು ನಿಂತವರು ಕಾಣಿಕೆ ಹಾಕುತ್ತಾರೆ. ಇದೇ ಪದ ನಡುವಿನ ಇಕಾರ ಕಳೆದುಕೊಂಡು ‘ಕಾಣ್ಕೆ’ಯಾದಾಗ ಅರ್ಥ ಎಲ್ಲಿಗೋ ಏರುತ್ತದೆ. ಕವಿಯ ಕಾಣ್ಕೆ ಎಂದರೆ ಕವಿಗೆ ತೆರೆದುಕೊಂಡ ಸತ್ಯ. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು 1949ರಲ್ಲಿ ಪ್ರಕಟವಾದ ತಮ್ಮ ಮಹಾಕಾವ್ಯದ ಹೆಸರಿಗೆ ‘ದರ್ಶನಂ’ ಎಂಬ ಸಂಸ್ಕೃತ ಪದವನ್ನು ಆರಿಸಿಕೊಂಡರು. ಅದಕ್ಕೆ ಸಮನಾದ ಕನ್ನಡ ಪದ ಕಾಣ್ಕೆ. ದೇವಸ್ಥಾನದ ಡಬ್ಬಿಗೆ ಬೀಳುವ ನಾಣ್ಯಕ್ಕೂ ಕವಿಯ ಒಳಗಣ್ಣಿಗೂ ಒಂದೇ ಮೂಲ ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಇನ್ನು ‘ಕಣೋ’. ‘ಹೌದು ಕಣೋ’, ‘ಇಲ್ಲ ಕಣೇ’, ‘ಬರ್ತೀನಿ ಕಣ್ರೀ’ ಎನ್ನುವಾಗ ನಾವು ಯಾರೂ ಕಣ್ಣನ್ನು ನೆನೆಯುವುದಿಲ್ಲ. ಆದರೆ ಅದು ಸವೆದ ‘ಕಾಣೋ’. ಎಂದರೆ ‘ನೋಡಯ್ಯಾ’. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ದೇವರನ್ನು ಕರೆಯುವ ಮೊದಲು ಬಳಸುವ ‘ಕಾಣಾ’ ಇದರ ಹಿರಿಯಣ್ಣ. ಆ ವಚನಕಾರರಲ್ಲಿ ಮುಖ್ಯನಾದ ಅಲ್ಲಮನ ಬಳ್ಳಿಗಾವಿ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ದೇವರೊಡನೆ ಆಡಿದ ಪದ ಒಂಬತ್ತು ಶತಮಾನ ನಡೆದು ಬಂದು ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನ ಹೆಗಲ ಮೇಲೆ ಕೈಹಾಕಿ ನಿಂತಿದೆ.

ಕಾಣುವುದು ಎಂದರೆ ನಡೆಸಿಕೊಳ್ಳುವುದೂ ಹೌದು. ‘ಸೊಸೇನ ಮಗಳ ಹಾಗೆ ಕಂಡ್ರು’ ಎಂದರೆ ಅತ್ತೆಯ ಇಡೀ ಬಾಳಿಗೆ ಕೊಟ್ಟ ಸರ್ಟಿಫಿಕೇಟು. ‘ಕೀಳಾಗಿ ಕಂಡ್ರು’ ಎಂಬುದು ಮೂರು ತಲೆಮಾರು ಮರೆಯದ ಗಾಯ. ಕಣ್ಣಿಗೆ ಬಿದ್ದರೂ ನಮಗೆ ಸೇರದವರು ‘ಕಂಡವರು’. ಹಗೆ ಇನ್ನೂ ಬಲಿತರೆ ‘ಕಂಡ್ರಾಗಲ್ಲ’. ‘ಕಡೆಗಣಿಸು’ ಎಂಬುದರಲ್ಲೂ ಕಣ್ಣೇ ಇದೆ, ಕಣ್ಣಿನ ಕೊನೆಯಿಂದ ನೋಡುವುದು ಅದರ ಮೂಲಾರ್ಥ. ಸಂಸ್ಕೃತದ ಕಟಾಕ್ಷವೂ ಅದೇ ಓರೆನೋಟ. ದೇವರ ಕಟಾಕ್ಷ ಕೃಪೆಯಾಯಿತು, ಮನುಷ್ಯರ ಕಡೆಗಣ್ಣು ಅಸಡ್ಡೆಯಾಯಿತು.

ಮಲೆನಾಡಿನಲ್ಲಿ ಈ ಕ್ರಿಯಾಪದ ಹೆದರಿಸುವುದೂ ಉಂಟು. ರೋಗ ‘ಕಾಣಿಸಿಕೊಳ್ಳುತ್ತದೆ’. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡಿತು. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಮತ್ತೆ ಕಾಣಿಸಿಕೊಂಡು ಜೀವ ತೆಗೆಯಿತು. ಅಡಿಕೆ ತೋಟದಲ್ಲಿ ಕೊಳೆ ಕಾಣಿಸಿಕೊಳ್ಳುತ್ತದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ. ತೋಟಕ್ಕೆ ದಿನವೂ ಹೋಗಿ ನೋಡುವವನಿಗೂ ರೋಗ ತನಗೆ ಬೇಕಾದ ದಿನವೇ ಮುಖ ತೋರಿಸುತ್ತದೆ. ಬೆಳೆಗಾರನ ನಿಸ್ಸಹಾಯಕತೆ ಆ ವ್ಯಾಕರಣದಲ್ಲೇ ಇದೆ.

ಇದರ ಎದುರು ತುದಿ ‘ಕಾಣೆ’. ‘ನಾನು ಕಾಣೆ’ ಎಂದರೆ ನನಗೆ ತಿಳಿಯದು. ‘ಬರ್ತಾನೋ ಇಲ್ವೋ ಕಾಣೆ’ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಅದೇ ರೂಪ ಪೊಲೀಸ್ ಪ್ರಕಟಣೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರೂರುಗಳೇ ಕಾಣೆಯಾದವು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರಲ್ಲಿ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಅದನ್ನು ನೋಡಲು ಜನ ಹೋಗುತ್ತಾರೆ.

ಇಷ್ಟೆಲ್ಲ ಹೊತ್ತಿರುವ ಪದವನ್ನು ಟಿವಿಯ ಕನ್ನಡ ಬದಿಗೆ ತಳ್ಳುತ್ತಿರುವುದು ನನಗೆ ನಿಜವಾಗಿ ನೋವು ತರುತ್ತದೆ. ‘ಆಗುಂಬೆಯಲ್ಲಿ ಸುಂದರ ಸೂರ್ಯಾಸ್ತ ನೋಡಲು ಸಿಗುತ್ತದೆ’, ‘ಇಲ್ಲಿ ನಾವು ಹಾನಿಯನ್ನು ನೋಡಬಹುದಾಗಿದೆ’ ಎಂದು ದಿನವೂ ಕೇಳುತ್ತೇವೆ. ಹಿಂದಿಯ ಎರಕಕ್ಕೆ ಕನ್ನಡ ಸುರಿದ ವಾಕ್ಯಗಳಿವು. ವರದಿ ಬರೆಯುವ ಹುಡುಗ ಹುಡುಗಿಯರಲ್ಲಿ ನನ್ನದೊಂದೇ ಕೇಳಿಕೆ: ಆಗುಂಬೆಯಲ್ಲಿ ಸೂರ್ಯಾಸ್ತ ಕಾಣುತ್ತದೆ ಎಂದು ಬರೆಯಿರಿ. ಮೋಡವಿದ್ದ ದಿನ ಕಾಣುವುದಿಲ್ಲ ಎಂದೂ ಬರೆಯಿರಿ.